ಜೋಡಿ ಲೈನ್

ಮೊದಲನೆಯ ಸೀನು ಬಂತು, ಎರಡನೆಯದು ಬರಲೇ ಇಲ್ಲ. ಟೀಚರ್ ಚಹಾದ ಲೋಟವನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಕಾದಳು. ಲ್ಯಾಪ್‌ಟಾಪಿನ ಆ ಕಡೆ ಕೂತ ಮನುಷ್ಯ ಬೆಳಿಗ್ಗೆ ಕೆಲಸಕ್ಕೆ ಕೂತ ಕೂಡಲೇ ಸೀನುತ್ತಿದ್ದ. ಒಂದು ಬಂದರೆ ಅದರ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು, ಕೊನೆಗೆ 'ಅಬ್ಬಾ' ಎಂಬ ಸಣ್ಣ ಉಸಿರು. ಇವತ್ತು ಒಂದಕ್ಕೇ ನಿಂತಿತು. ಅವಳು ಪರದೆಯ ಕಡೆ ನೋಡಿದಳು. ಪರದೆ ಕಪ್ಪಾಗಿತ್ತು, ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ ಮಾತ್ರ ಮಿಟುಕುತ್ತಿತ್ತು.

ಸ್ವಲ್ಪ ಮೊದಲು 'ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಆಫ್ ಮಾಡಬೇಡಿ' ಎಂಬ ಸೂಚನೆ ಬಂದಿತ್ತು. ಅವಳು ಆಫ್ ಮಾಡಿರಲಿಲ್ಲ. ಹೇಳಿದ ಮಾತು ಕೇಳುವ ಹೆಂಗಸು ಅವಳು. ಮಾತು ತಪ್ಪಿದ್ದು ಲ್ಯಾಪ್‌ಟಾಪೇ. ಬಟನ್ ಒತ್ತಿದಳು, ಒತ್ತಿ ಹಿಡಿದಳು, ವೈರ್ ಕಿತ್ತು ಮತ್ತೆ ಚುಚ್ಚಿದಳು, ಮಡಚಿ ತೆರೆದಳು, ಕೊನೆಗೆ ಹೇಗೂ ಯಾರೂ ನೋಡುತ್ತಿಲ್ಲವಲ್ಲ ಎಂದು ಅದರ ಬೆನ್ನಿಗೆ ಮೆಲ್ಲಗೆ ಎರಡು ತಟ್ಟಿದಳು. ಚುಕ್ಕೆ ಮಿಟುಕುತ್ತಲೇ ಇತ್ತು. ಬೇರೆ ಯಾರಿಗಾದರೂ ಕೆಲಸ ಕೆಟ್ಟಿತಲ್ಲ ಎಂಬ ಚಿಂತೆ ಮೊದಲು ಬರಬೇಕು. ಅವಳಿಗೆ ಬಂದದ್ದು ಬೇರೆಯದೇ. ತನ್ನ ಕೋಣೆ ಇಷ್ಟೊಂದು ಸದ್ದಿಲ್ಲದ ಕೋಣೆ ಎಂದು ಇಷ್ಟು ದಿನ ಗೊತ್ತೇ ಆಗಿರಲಿಲ್ಲವಲ್ಲ ಎಂದು ಹೆದರಿಕೆಯಾಯಿತು.

ಅವಳ ಕೆಲಸ ಮೀಟರ್ ಓದುವುದು. ಮನೆಮನೆಗೆ ಹೋಗಿ ಅಲ್ಲ, ಕೂತಲ್ಲೇ. ಜನ ತಮ್ಮ ಮನೆಯ ಕರೆಂಟ್ ಮೀಟರಿನ ಫೋಟೋ ತೆಗೆದು ಕಳಿಸುತ್ತಾರೆ. ಮುಕ್ಕಾಲು ಪಾಲನ್ನು ಕಂಪ್ಯೂಟರ್ ತಾನೇ ಓದಿಕೊಳ್ಳುತ್ತದೆ, ಓದಲಾಗದ್ದನ್ನು ಇವಳಂಥವರ ಮುಂದೆ ತಂದು ಸುರಿಯುತ್ತದೆ. ಮಬ್ಬು ಹಿಡಿದ ಗಾಜು, ಅಡ್ಡ ಬಂದ ಹೆಬ್ಬೆರಳು, ಜೇಡರಬಲೆ, ಸರಿಯಾಗಿ ಅಂಕಿಯ ಮೇಲೇ ಬಂದು ಕೂತ ಹಲ್ಲಿ. ಒಬ್ಬ ಪುಣ್ಯಾತ್ಮ ಮೀಟರ್ ಬಿಟ್ಟು ತನ್ನ ಚಪ್ಪಲಿಯ ಫೋಟೋ ಕಳಿಸಿದ್ದ. ಇಂಥವುಗಳಲ್ಲೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಂಕಿ ಹುಡುಕಿ ಟೈಪ್ ಮಾಡಬೇಕು. ಅವಳು ಯಾವ ಶಾಲೆಯಲ್ಲೂ ಪಾಠ ಹೇಳಿದವಳಲ್ಲ. ಹೊಸದಾಗಿ ಸೇರಿದವರಿಗೆ ಈ ವಿದ್ಯೆ ಕಲಿಸುವುದು ಅವಳ ಪಾಲಿಗೆ ಬಂದದ್ದರಿಂದ ಕಂಪನಿಯಲ್ಲಿ ಎಲ್ಲರ ಬಾಯಲ್ಲೂ ಟೀಚರ್ ಆದಳು.

ಕಲಿಸುವುದಕ್ಕೆ 'ಜೋಡಿ ಲೈನ್' ಎಂಬ ಏರ್ಪಾಡಿತ್ತು. ಹೊಸಬರು ಅವರ ಮನೆಯಲ್ಲಿ, ಹಳಬರು ತಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದ ಕೂಡಲೇ ಇಬ್ಬರ ನಡುವೆ ದನಿಯ ಲೈನ್ ತಾನಾಗಿ ತೆರೆದುಕೊಳ್ಳುತ್ತದೆ, ಸಂಜೆ ಮುಚ್ಚುವವರೆಗೆ ಹಾಗೇ ಇರುತ್ತದೆ. ಮುಖ ಕಾಣುವುದಿಲ್ಲ, ಸದ್ದು ಮಾತ್ರ. ಸಂಶಯ ಬಂದರೆ ಹೊಸಬರು ಅಲ್ಲಿಂದಲೇ ಕೇಳಬಹುದು. ತಿಂಗಳಾದ ಮೇಲೆ ಕಲಿಸುವವರು 'ಮುಗಿಯಿತು' ಎಂಬ ಬಟನ್ ಒತ್ತಿದರೆ ಜೋಡಿ ಬಿಡುತ್ತದೆ. ಎಷ್ಟೋ ಜನರನ್ನು ಅವಳು ಹಾಗೆ ಒಂದು ಬೆರಳಿನಲ್ಲಿ ಕಳಿಸಿಕೊಟ್ಟಿದ್ದಳು. ಈ ಒಬ್ಬ ಮನುಷ್ಯನನ್ನು ಮಾತ್ರ ಕಳಿಸಿರಲಿಲ್ಲ.

ತಿಂಗಳ ಕೊನೆಯ ದಿನ ಬೆರಳೇನೋ ಬಟನ್ನಿನ ಮೇಲೇ ಇತ್ತು. ಅಷ್ಟರಲ್ಲಿ ಅವನು "ಬರ್ತೀನಿ ಮೇಡಂ, ನಾಳೆ ಸಿಗೋಣ" ಎಂದ. ನಾಳೆ ಸಿಗೋಣ ಎಂದು ಅವಳಿಗೆ ಯಾರಾದರೂ ಹೇಳಿ ಕಾಲವಾಗಿತ್ತು. ಬೆರಳು ಹಿಂದೆ ಬಂತು. ಮರುದಿನ ಲೈನ್ ತೆರೆದುಕೊಂಡಿತು, ಅವನು "ಬಂದೆ ಮೇಡಂ" ಎಂದ. ಬೇಡವಾದರೆ ಅವನೇ ತೆಗೆಯುತ್ತಾನೆ, ಅವನ ಕಡೆಯೂ ಒಂದು ಬಟನ್ ಇದ್ದೇ ಇರುತ್ತದಲ್ಲ ಎಂದುಕೊಂಡಳು. ಅವನು ತೆಗೆಯಲಿಲ್ಲ. ಮೌನವೇ ಸಮ್ಮತಿ ಎಂದು ದೊಡ್ಡವರು ಹೇಳಿದ್ದಾರೆ, ದೊಡ್ಡವರ ಮಾತಿನ ಮೇಲೆ ಭಾರ ಹಾಕಿ ಅವಳೂ ಸುಮ್ಮನಾದಳು. ಹೀಗೇ ಮೂರು ವರ್ಷ ಕಳೆಯಿತು.

ಮಾತು ಅಂತ ಹೆಚ್ಚಿಗೇನೂ ಇರಲಿಲ್ಲ. ಬೆಳಿಗ್ಗೆ 'ಬಂದೆ ಮೇಡಂ', ಸಂಜೆ 'ಬರ್ತೀನಿ ಮೇಡಂ'. ಇವಳ ಕಡೆಯಿಂದ ಎರಡಕ್ಕೂ ಒಂದೊಂದು 'ಹ್ಞೂಂ'. ನಡುವೆ ಇಡೀ ದಿನ ಅವನ ಕುರ್ಚಿ ಕಿರುಗುಟ್ಟುತ್ತಿತ್ತು, ಲೋಟ ಮೇಜಿಗೆ ತಾಗುತ್ತಿತ್ತು, ಅವನು ಅಂಕಿಗಳನ್ನು ಬಾಯಲ್ಲೇ ಗುನುಗುತ್ತಿದ್ದ. ಕೊನೆಯ ಅಂಕಿಯನ್ನು ಎರಡು ಸಲ ಹೇಳುವುದು ಅವನ ಅಭ್ಯಾಸ, ಬೀಗ ಹಾಕಿದ ಮೇಲೂ ಒಮ್ಮೆ ಜಗ್ಗಿ ನೋಡುವವರ ಹಾಗೆ. "ನಾಲ್ಕು, ಸೊನ್ನೆ, ಏಳು... ಏಳು." ಆಗಾಗ ಮೆಲ್ಲಗೆ "ಶ್ಶ್" ಎನ್ನುತ್ತಿದ್ದ. ಕಿಟಕಿಗೆ ಪಾರಿವಾಳ ಬರುತ್ತಿರಬೇಕು, ಕೈಬೀಸಿ ಓಡಿಸಿದರೆ ಬೆದರೀತೆಂದು ಬಾಯಲ್ಲೇ ಓಡಿಸುತ್ತಾನೆ, ಪಾಪದ ಮನುಷ್ಯ ಎಂದುಕೊಂಡಿದ್ದಳು. ಸೀನುವುದಕ್ಕಾಗಿ ಅವನಿಗೆ ಸೀನಪ್ಪ ಎಂದು ಹೆಸರಿಟ್ಟು ತಾನೊಬ್ಬಳೇ ನಕ್ಕಿದ್ದಳು.

ಆ ಮನೆಯಲ್ಲಿ ಬೇರೆ ಯಾರ ದನಿಯೂ ಕೇಳಿದ್ದಿಲ್ಲ. ತನ್ನ ಹಾಗೇ ಒಬ್ಬನೇ ಎಂದು ತೀರ್ಮಾನಿಸಿ ಅವನಿಗೊಂದು ಕೋಣೆಯನ್ನೂ ಕಟ್ಟಿಕೊಟ್ಟಿದ್ದಳು: ಒಂದು ಕಿಟಕಿ, ಒಂದು ಕುರ್ಚಿ, ಮೂಲೆಯಲ್ಲಿ ಮಡಚಿಟ್ಟ ಹಾಸಿಗೆ. ಆಳು ಉದ್ದಕ್ಕೆ, ತೆಳ್ಳಗೆ, ಸ್ವಲ್ಪ ಬಾಗಿದ ಬೆನ್ನು. ಮಧ್ಯಾಹ್ನ ಅವನ ಚಮಚದ ಸದ್ದು ಕೇಳಿದ ಮೇಲೆಯೇ ಅವಳು ತಟ್ಟೆ ತಂದು ಲ್ಯಾಪ್‌ಟಾಪಿನ ಪಕ್ಕ ಇಟ್ಟುಕೊಳ್ಳುತ್ತಿದ್ದಳು. ಅವನು ಅಲ್ಲಿ ಉಣ್ಣುತ್ತಿದ್ದ, ಇವಳು ಇಲ್ಲಿ ಉಣ್ಣುತ್ತಿದ್ದಳು, ಅಷ್ಟೇ. ಅಷ್ಟೇ ಎಂದರೆ ಅಷ್ಟೇ ಅಲ್ಲ. ವರ್ಷಗಟ್ಟಲೆ ಒಬ್ಬರೇ ಕೂತು ಉಂಡವರಿಗೆ ಅದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸಲ ಅವನು ಜ್ವರ ಬಂದು ಕೆಲಸಕ್ಕೆ ಕೂರದಿದ್ದ ದಿನ ಇವಳ ತಟ್ಟೆಯೂ ಹಾಗೇ ಉಳಿದಿತ್ತು.

ಭಾನುವಾರ ದೂರದಿಂದ ತಂಗಿ ಫೋನ್ ಮಾಡುತ್ತಿದ್ದಳು. ತನ್ನ ಮೊಣಕಾಲು ನೋವು, ಸೊಸೆಯ ಸಿಡುಕು ಎಲ್ಲ ಹೇಳಿ ಮುಗಿಸಿ, "ಒಬ್ಬಳೇ ಹೇಗಿರ್ತೀಯೋ ಅಕ್ಕಾ, ನನಗಾದ್ರೆ ಹುಚ್ಚೇ ಹಿಡಿಯುತ್ತಿತ್ತು" ಎನ್ನುತ್ತಿದ್ದಳು. 'ಒಬ್ಬಳೇ ಎಲ್ಲಿ' ಎಂಬ ಮಾತು ಟೀಚರಿಗೆ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಹೇಳಿದರೆ ತಂಗಿ ಬಿಡುವ ಪೈಕಿಯಲ್ಲ, ಯಾರು, ಎಲ್ಲಿಯವರು, ಮದುವೆ ಆಗಿದೆಯಾ ಎಂದು ಕೆದಕಿ ಕೆದಕಿ ಕೇಳುತ್ತಾಳೆ. ಒಂದಕ್ಕೂ ಇವಳ ಹತ್ತಿರ ಉತ್ತರವಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಂಪನಿಯಿಂದ ಫೋನಿಗೆ ಸಂದೇಶ ಬಂತು. ಅಪ್‌ಡೇಟಿನಲ್ಲೇ ದೋಷವಿದ್ದು ಎಲ್ಲರ ಲ್ಯಾಪ್‌ಟಾಪ್‌ಗಳೂ ನಿಂತಿವೆ, ಕೂತಲ್ಲಿಂದ ಸರಿಪಡಿಸಲು ಬರುವುದಿಲ್ಲ, ನಾಳೆ ಎಲ್ಲರೂ ಆಫೀಸಿಗೆ ತರತಕ್ಕದ್ದು, ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿಕೊಡಲಾಗುವುದು. ಅಳಿಸಿ ಎಂಬ ಮಾತಿನ ಹತ್ತಿರ ನಿಂತು ಅವಳು ಅದನ್ನು ಇನ್ನೊಮ್ಮೆ ಓದಿದಳು. ಲೈನೂ ಅಳಿಸಿಹೋಗುತ್ತದೆ. ಅವನ ಫೋನ್ ನಂಬರ್ ಇವಳ ಹತ್ತಿರವಿಲ್ಲ, ಇವಳದು ಅವನ ಹತ್ತಿರವಿಲ್ಲ. ಮತ್ತೆ ಜೋಡಿ ಹಾಕುವುದೇನೂ ಕಷ್ಟವಲ್ಲ, ಲ್ಯಾಪ್‌ಟಾಪಿನಲ್ಲಿ ಅವನ ಕೆಲಸದ ಸಂಖ್ಯೆ ಒತ್ತಿದರೆ ಆಯಿತು. ಆದರೆ ಇದ್ದದ್ದನ್ನು ಬಿಡದೇ ಇರುವುದು ಬೇರೆ, ಹೊಸದಾಗಿ ಹೋಗಿ ಹಿಡಿದುಕೊಳ್ಳುವುದು ಬೇರೆ. ಇಷ್ಟು ದಿನ ಕೇಳದೆ ನಡೆದದ್ದನ್ನು ಇನ್ನು ಕೇಳಿಯೇ ನಡೆಸಬೇಕು. ಅವನೂ ನಾಳೆ ಬರುತ್ತಾನೆ. ಹುಡುಕಿ, ಎದುರು ನಿಂತು, 'ಲೈನ್ ಮೊದಲಿನ ಹಾಗೇ ಇರಲಿ ಅಲ್ವಾ' ಎಂದು ಒಂದು ಮಾತು ಕೇಳಿಬಿಡಬೇಕು.

ಮರುದಿನ ಬೀರುವಿನಿಂದ ನೀಲಿ ಶಾಲು ತೆಗೆದಳು. ಕನ್ನಡಿಯ ಮುಂದೆ ನಿಂತು "ನಮಸ್ಕಾರ, ನಾನೇ ಟೀಚರ್" ಎಂದು ಹೇಳಿ ನೋಡಿದಳು. ದನಿ ತುಂಬ ಗಡುಸಾಯಿತು. ಇನ್ನೊಂದು ಸಲ ಹೇಳಿದಳು, ಈ ಸಲ ಭಿಕ್ಷೆ ಕೇಳಿದ ಹಾಗಾಯಿತು. ಸಾಕು, ಬಾಯಿಗೆ ಬಂದಂತೆ ಹೇಳಿದರಾಯಿತು ಎಂದು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಬಸ್ಸು ಹಿಡಿದಳು.

ಆಫೀಸಿನ ನೆಲಮಾಳಿಗೆಯ ಹಾಲಿನಲ್ಲಿ ಜನ ಕಿಕ್ಕಿರಿದಿದ್ದರು. ಕೆಲವರು ಚೀಲದಲ್ಲಿ ತಂದಿದ್ದರು, ಕೆಲವರು ಟವಲಿನಲ್ಲಿ ಸುತ್ತಿ ತಂದಿದ್ದರು, ಒಬ್ಬಾಕೆ ದಿಂಬಿನ ಕವರಿನೊಳಗಿಂದ ಹೊರತೆಗೆದಳು. ಒಂದೇ ಕಂಪನಿಯ ಅನ್ನ ತಿನ್ನುವವರು, ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿಲ್ಲ. ಮುಂದೆ ಉದ್ದನೆಯ ಮೇಜು, ಅದರ ಹಿಂದೆ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡ ಒಬ್ಬ ರಿಪೇರಿಯವನು. ಬೆಳಗಿನಿಂದ ಒಂದೇ ಉತ್ತರವನ್ನು ನೂರು ಜನರಿಗೆ ಹೇಳಿ ಅವನ ಗಂಟಲು ಕಟ್ಟಿತ್ತು. ಲ್ಯಾಪ್‌ಟಾಪ್ ಒಪ್ಪಿಸಿ ಟೋಕನ್ ತೆಗೆದುಕೊಂಡು ಕೂರಬೇಕು, ಕರೆದಾಗ ಹೋಗಬೇಕು. ಟೀಚರ್ ಒಪ್ಪಿಸಿ ಬಂದು ಗೋಡೆ ಬದಿಯ ಬೆಂಚಿನಲ್ಲಿ ಕೂತಳು.

ಸೀನಪ್ಪನನ್ನು ಹುಡುಕುವುದಾದರೂ ಹೇಗೆ? ಕಣ್ಣಿಗೆ ಅವನ ಗುರುತಿಲ್ಲ, ಕಿವಿಗೆ ಮಾತ್ರ ಇದೆ. ಅವಳು ಕಣ್ಣು ಮುಚ್ಚಿಕೊಂಡಳು. ಸೀನನ್ನು ನಂಬಿಕೊಂಡು ಬಂದಿದ್ದವಳಿಗೆ ಇಲ್ಲಿ ಸೀನಿಗೇನೂ ಬರವಿರಲಿಲ್ಲ. ಎಸಿಯ ಧೂಳಿಗೆ ಅರ್ಧ ಹಾಲೇ ಸೀನುತ್ತಿತ್ತು. ಕಂಬದ ಹತ್ತಿರ ಒಬ್ಬ ತೆಳ್ಳಗಿನ ಉದ್ದ ಮನುಷ್ಯ ಸಾಲಾಗಿ ಸೀನಿದಾಗ ಅವಳು ಎದ್ದು ಶಾಲು ಸರಿಮಾಡಿಕೊಂಡು ಹೋದಳು. ಅವನು ಮೂಗೊರೆಸಿಕೊಂಡು, ತಗಡು ಎಳೆದಂಥ ದನಿಯಲ್ಲಿ ಎಸಿಯವನ ವಂಶವನ್ನೇ ಜಾಲಾಡಿದ. ಟೀಚರ್ "ಪೆನ್ನಿದೆಯಾ?" ಎಂದು ಕೇಳಿ, ಇಲ್ಲವೆನಿಸಿಕೊಂಡು, ಬದುಕಿದೆನೆಂದು ವಾಪಸು ಬಂದಳು.

ಬೆಂಚಿನಲ್ಲಿ ಅವಳ ಪಕ್ಕಕ್ಕೆ ಯಾರೋ ಬಂದು ಕೂತಿದ್ದರು. ಟೋಕನ್ನನ್ನು ಬೆಳಕಿಗೆ ಹಿಡಿದು ಬಾಯಲ್ಲೇ ಓದಿಕೊಳ್ಳುತ್ತಿದ್ದರು. "ಎರಡು, ಸೊನ್ನೆ, ಆರು... ಆರು."

ಅವಳು ತಿರುಗಿದಳು. ಗಿಡ್ಡ ಆಳು, ದುಂಡು ಮುಖ, ಗುಂಗುರು ಕೂದಲು, ಕೆಂಪು ಚೌಕಳಿಯ ಅಂಗಿ, ಅಂಗಿಯ ಗುಂಡಿಗಳಿಗೆ ಬುದ್ಧಿ ಕಲಿಸುತ್ತಿದ್ದ ಹೊಟ್ಟೆ. ಸೀನಪ್ಪ ಹೀಗಿರಬಾರದಿತ್ತು. ಆದರೆ ದನಿ ಅದೇ, ಅದರಲ್ಲಿ ಎರಡು ಮಾತಿಲ್ಲ. 'ನಾನೇ' ಎನ್ನಲು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವನೇ ಶುರು ಮಾಡಿದ.

"ನಿಮ್ಮದೂ ಹೋಯ್ತಾ?"

ಅವಳು ತಲೆಯಾಡಿಸಿದಳು.

"ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ ನೋಡಿ. ಆದ್ರೆ ನಮ್ಮನೇಲಿ ನಿನ್ನೆ ಹಬ್ಬ ಕಣ್ರೀ! ಹೇಳಿದ್ರೆ ನೀವು ನಗ್ತೀರಿ." ನಗುವುದಕ್ಕೂ ಬಿಡದೆ ಮುಂದುವರಿಸಿದ. "ನನ್ನ ಲ್ಯಾಪ್‌ಟಾಪ್ ಒಳಗೆ ಒಬ್ಬರು ಮೇಡಂ ಕೂತಿದ್ದಾರೆ. ಸೇರಿದಾಗ ಕಲಿಸೋಕೆ ಅಂತ ಬಂದೋರು. ಕಲಿಸಿದ್ದು ಒಂದು ತಿಂಗಳು, ಕಾಯ್ತಿರೋದು ಮೂರು ವರ್ಷ. ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಉಸಿರಾಡಿದ್ರೂ ಅವರಿಗೆ ಕೇಳಿಸುತ್ತೆ. ಗೋಡೆಗೆ ಕಿವಿ ಇರುತ್ತೆ ಅಂತಾರಲ್ಲ, ನಮ್ಮನೇಲಿ ಮೇಜಿಗೇ ಇದೆ."

ಟೀಚರ್ ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಬಾಯಿ ತೆರೆದರೆ ತನ್ನ ದನಿಯ ಗುರುತು ಸಿಕ್ಕೀತೆಂದು ಭಯ, ಸಿಗದೇ ಹೋದೀತೆಂದು ಸಂಕಟ. ಆದರೆ ಕಲಿಸಿದ ಆ ತಿಂಗಳ ಗಡುಸು ದನಿ ಬಿಟ್ಟರೆ ಅವನು ಕೇಳಿದ್ದು ಮೂರು ವರ್ಷದ ಹ್ಞೂಂಗಳನ್ನು ಮಾತ್ರ. "ಯಾಕೆ ಕಾಯ್ತಾರೆ?" ಎಂದು ಮೆಲ್ಲಗೆ ಕೇಳಿದಳು.

"ನನ್ನ ಕೆಲಸದ ಮೇಲೆ ಅನುಮಾನ ಇರಬೇಕು. ಪಾಪ, ಅವರದೇನು ತಪ್ಪು, ಕಂಪನಿ ಕೂರ್ಸಿದೆ, ಕೂತಿದ್ದಾರೆ. ಆದ್ರೆ ಎಂಥಾ ಮನುಷ್ಯರು ಅಂತೀನಿ! ರಜೆ ಅನ್ನೋದಿಲ್ಲ, ಒಂದು ಮಾತಿಲ್ಲ. ಬೆಳಿಗ್ಗೆ ಒಂದು ಹ್ಞೂಂ, ಸಂಜೆ ಒಂದು ಹ್ಞೂಂ. ಆ ಸಂಜೆಯ ಹ್ಞೂಂ ಕೇಳಿದ್ರೆ, ಇವತ್ತು ಎಲ್ಲಿ ತಪ್ಪು ಮಾಡಿದ್ನಪ್ಪಾ ಅಂತ ರಾತ್ರಿ ಊಟ ಸೇರಲ್ಲ ನನಗೆ."

"ಬೇಡ ಅಂದ್ರೆ ನೀವೇ ತೆಗೀಬಹುದಿತ್ತಲ್ಲ."

"ನಮ್ಮ ಕಡೆ ಬಟನ್ನೇ ಇಲ್ಲವಲ್ರೀ!"

"ಇಲ್ವಾ?" ಎಂದಳು ಟೀಚರ್. ಆ ಮಾತು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಕಲಿಸೋರ ಕಡೆ ಮಾತ್ರ ಇರೋದು. ಆಫೀಸಿಗೆ ಹೇಳೋಣ ಅಂದ್ರೆ, ಮುಚ್ಚಿಡೋದೇನಿದೆ ನಿಂದು ಅಂತ ಕೇಳಲ್ವಾ? ಇದಕ್ಕೆ ಮೊದಲಿನ ಕೆಲಸ ಹೋಗಿ ವರ್ಷ ಮನೇಲಿ ಕೂತಿದ್ದೆ, ಆ ರುಚಿ ಗೊತ್ತು. ಸುಮ್ಮನಿದ್ದುಬಿಟ್ಟೆ." ಅವನು ಅವಳ ಕಡೆ ಬಾಗಿದ, ಗುಟ್ಟು ಹೇಳುವವನ ಹಾಗೆ. ಆದರೆ ಗುಟ್ಟು ಹೇಳುವಾಗಲೂ ಅವನ ದನಿ ಪಕ್ಕದ ಬೆಂಚಿಗೆ ಮುಟ್ಟುವಂತಿತ್ತು. ಹುಟ್ಟು ಮಾತುಗಾರ ಎಂದು ಯಾರಾದರೂ ಹೇಳಬಹುದಿತ್ತು, ಅವಳೊಬ್ಬಳನ್ನು ಬಿಟ್ಟು. "ನಾನೊಬ್ಬನೇ ಆಗಿದ್ರೆ ಹೇಗೋ ಆಗ್ತಿತ್ತು. ಮನೆ ತುಂಬ ಜನ. ಹೆಂಡತಿ, ಎರಡು ಹೆಣ್ಣುಮಕ್ಕಳು, ಜೊತೆಗೆ ನಮ್ಮತ್ತೆ. ಅತ್ತೆಗೆ ಕಿವಿ ಮಂದ, ಬಾಯಿ ಚುರುಕು. ಅವರನ್ನ ದಿನಾ ಬೆಳಿಗ್ಗೆ ಪಕ್ಕದ ಮನೆಗೆ ಸಾಗಹಾಕಬೇಕು. ಉಳಿದವರದ್ದೆಲ್ಲ ಕೈಸನ್ನೆ. ಉಪ್ಪು ಬೇಕಾದ್ರೆ ಹೀಗೆ, ನೀರು ಬೇಕಾದ್ರೆ ಹೀಗೆ. ಜಗಳಾನೂ ಕೈಸನ್ನೇಲೇ. ಕೈಸನ್ನೇಲಿ ಜಗಳ ಆಡಿದ್ದೀರಾ ನೀವು? ಅರ್ಧಕ್ಕೆ ನಗು ಬಂದುಬಿಡುತ್ತೆ, ನಗೋ ಹಾಗೂ ಇಲ್ಲ!"

ಪಕ್ಕದ ಬೆಂಚಿನವರು ನಕ್ಕರು. ಟೀಚರಿಗೆ ತನ್ನ ಕೋಣೆ ನೆನಪಾಯಿತು. ಅಲ್ಲಿ ಕೂತು ಅವಳು ಕೇಳುತ್ತಿದ್ದದ್ದು ಒಬ್ಬ ಒಂಟಿ ಮನುಷ್ಯನ ಸದ್ದನ್ನಲ್ಲ. ಬಾಯಿಗೆ ಕೈ ಒತ್ತಿ ಹಿಡಿದುಕೊಂಡ ಒಂದು ಸಂಸಾರವನ್ನು.

"ನಿಮ್ಮ ಕಿಟಕಿಗೆ... ಪಾರಿವಾಳ ಬರುತ್ತಾ?" ಎಂದಳು. ಯಾಕೆ ಕೇಳಿದಳೋ.

"ಪಾರಿವಾಳವಾ?" ಅವನು ಪಿಳಿಪಿಳಿ ನೋಡಿದ. "ಬೆಳಗಿನ ಅಡುಗೆ ಮುಗಿದ ಮೇಲೆ ನಾನು ಕೂರೋದು ಅಡುಗೆಮನೆ ಮೂಲೇಲಿ ಕಣ್ರೀ, ಕಿಟಕಿ ಎಲ್ಲಿಂದ ಬರಬೇಕು? ಯಾಕೆ?"

"ಸುಮ್ಮನೆ."

"ಊಟದ ಹೊತ್ತಿಗೆ ಎಲ್ಲರೂ ತಟ್ಟೆ ಹಿಡ್ಕೊಂಡು ಮಹಡಿಗೆ ಹೋಗಿಬಿಡ್ತಾರೆ, ಅಲ್ಲಾದ್ರೂ ಮಾತಾಡ್ಕೊಂಡು ತಿನ್ನಲಿ ಅಂತ. ನಾನೊಬ್ಬ ಕೆಳಗೆ, ಗೋಡೆ ನೋಡ್ಕೊಂಡು. ಅದೆಲ್ಲ ಹೋಗಲಿ ಅನ್ನಿ." ಮೊದಲ ಸಲ ಅವನ ದನಿ ತಗ್ಗಿತು. "ಚಿಕ್ಕವಳು ಮಾತು ಕಲಿತ ವಯಸ್ಸು ಅದೇ ಆಗೋಯ್ತು ನೋಡಿ. ಅವಳು ಮಾತಾಡೋದೇ ಪಿಸುಪಿಸು. ಶಾಲೆಯವರು ಕರೆಸಿ ಕೇಳಿದ್ರು, ಮಗುಗೆ ಗಂಟಲಲ್ಲಿ ಏನಾದ್ರೂ ತೊಂದರೆ ಇದೆಯಾ, ಡಾಕ್ಟರಿಗೆ ತೋರಿಸಿದ್ದೀರಾ ಅಂತ. ಏನು ಹೇಳಲಿ ನಾನು?"

ಮಗುವಿನ ಆ ಪಿಸುಮಾತು ತನಗೆ ಒಂದು ಸಲವಾದರೂ ಕೇಳಿಸಿತ್ತೇ ಎಂದು ಟೀಚರ್ ನೆನಪು ಮಾಡಿಕೊಳ್ಳಲು ನೋಡಿದಳು. ಕೇಳಿಸಿರಲಿಲ್ಲ. ಅಷ್ಟು ಚೆನ್ನಾಗಿ ಕಲಿತಿತ್ತು ಮಗು.

ಅವನು ಮೇಜಿನ ಕಡೆಗೆ ಕುತ್ತಿಗೆ ಉದ್ದ ಮಾಡಿ ಕೂಗಿದ. "ಸಾರ್, ಹಳೇ ಲೈನುಗಳೆಲ್ಲ ಅಳಿಸಿಹೋಗುತ್ತಾ?"

"ಎಲ್ಲಾ ಹೋಗುತ್ತೆ," ಎಂದ ರಿಪೇರಿಯವನು ತಲೆಯೆತ್ತದೆ. "ಬೇಕಾದೋರು ಮತ್ತೆ ಹಾಕ್ಕೋಬೇಕು."

ಅವನ ಮುಖ ಅರಳಿ, ಮತ್ತೆ ಬಾಡಿತು. "ಹಾಕೇ ಹಾಕ್ತಾರೆ ಬಿಡಿ. ಬಿಡೋರಲ್ಲ ಅವರು. ನಾಳೆ ಬೆಳಿಗ್ಗೆ ನಾನು ಬಂದೆ ಮೇಡಂ ಅನ್ಬೇಕು, ಅವರು ಹ್ಞೂಂ ಅನ್ಬೇಕು."

ಅಷ್ಟರಲ್ಲಿ ರಿಪೇರಿಯವನು ಒಂದು ಲ್ಯಾಪ್‌ಟಾಪನ್ನು ಎತ್ತಿ ಬೆನ್ನು ತಿರುಗಿಸಿ ನೋಡಿ, ಕಟ್ಟಿದ ಗಂಟಲಲ್ಲೇ ಕೂಗಿದ. "ಟೀಚರ್! ಟೋಕನ್ ಚೀಟಿ ಬಿದ್ದುಹೋಗಿದೆ, ಟೀಚರ್ ಅಂತ ಬರೆದಿದೆ, ಯಾರದ್ದು ಇದು? ಆಗಿದೆ ಬನ್ನಿ."

"ಅಯ್ಯಯ್ಯೋ, ಅವರೂ ಬಂದಿದ್ದಾರಾ?" ಅವನು ಅರ್ಧ ಎದ್ದು ಹಾಲನ್ನೆಲ್ಲ ಹುಡುಕಿದ. "ಎಲ್ರೀ? ಅವರ ಕಣ್ಣಿಗೆ ಬಿದ್ರೆ ಕಷ್ಟ. ನೋಡಿದ್ದೀರಾ ನೀವು ಅವರನ್ನ?"

ಯಾರೂ ಏಳಲಿಲ್ಲ. "ಟೀಚರ್!" ಎಂದು ರಿಪೇರಿಯವನು ಇನ್ನೊಮ್ಮೆ ಕರೆದ. ಕೂತೇ ಇದ್ದುಬಿಟ್ಟರೆ ಎಂದು ಅವಳಿಗೆ ಅನಿಸಿತು. ಈ ಮನುಷ್ಯ ತನ್ನ ಟೋಕನ್ ಬಂದಾಗ ಎದ್ದು ಹೋಗುತ್ತಾನೆ, ತಾನು ಯಾರೆಂದು ತಿಳಿಯುವುದೇ ಇಲ್ಲ, ನಾಳೆ ಬೆಳಿಗ್ಗೆ... ನಾಳೆ ಬೆಳಿಗ್ಗೆ ಏನು ಎಂಬಲ್ಲಿಗೆ ಬಂದಾಗ ಅವಳು ಎದ್ದು ನಿಂತಳು.

ಅವನು ಅವಳನ್ನು ನೋಡಿದ, ಮೇಜಿನ ಮೇಲಿನ ಲ್ಯಾಪ್‌ಟಾಪನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಧಡಕ್ಕನೆ ಎದ್ದ ರಭಸಕ್ಕೆ ಟೋಕನ್ ಕೈಯಿಂದ ಬಿತ್ತು.

"ಮೇಡಂ... ನಾನು ಸುಮ್ಮನೆ... ತಮಾಷೆಗೆ ಹೇಳಿದ್ದು ಮೇಡಂ. ಹೊತ್ತು ಹೋಗಲಿ ಅಂತ. ಮಗು ವಿಷಯ ಎಲ್ಲ... ಅದು ಅಷ್ಟೇನಿಲ್ಲ. ದಯವಿಟ್ಟು ಮನಸ್ಸಲ್ಲಿ ಇಟ್ಕೋಬೇಡಿ."

ಅವಳ ಎದೆಯಲ್ಲಿ ಮಾತು ಸಿದ್ಧವಾಗಿಯೇ ಇತ್ತು. ನಾನು ನಿಮ್ಮನ್ನ ಕಾಯ್ತಿರಲಿಲ್ಲ, ನಿಮ್ಮ ಜೊತೆ ಕೂತಿದ್ದೆ. ಅಷ್ಟೇ ಮಾತು, ಅಷ್ಟೂ ನಿಜ. ಆದರೆ ಬೆವರುತ್ತ ನಿಂತ ಆ ದುಂಡು ಮುಖವನ್ನು ನೋಡಿದಾಗ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವಳಿಗೆ ಹೊಳೆಯಿತು. ಅವನು ಒಳ್ಳೆಯವನು. ಕೇಳಿದ ಕೂಡಲೇ ಕನಿಕರಪಡುತ್ತಾನೆ. 'ಅಯ್ಯೋ, ಇರಲಿ ಬಿಡಿ ಮೇಡಂ, ಲೈನ್ ಹಾಗೇ ಇರಲಿ' ಎಂದೂ ಅಂದುಬಿಡುತ್ತಾನೆ. ಆಮೇಲೆ ಆ ಮನೆಯವರು ಇಷ್ಟು ದಿನ ಭಯಕ್ಕೆ ಪಿಸುಗುಟ್ಟಿದವರು, ಇನ್ನು ದಾಕ್ಷಿಣ್ಯಕ್ಕೆ ಪಿಸುಗುಟ್ಟುತ್ತಾರೆ.

ಅವಳು ಬಗ್ಗಿ ಟೋಕನ್ ಎತ್ತಿ ಅವನ ಕೈಯಲ್ಲಿಟ್ಟಳು. ಕಲಿಸುವಾಗಿನ ಗಡುಸು ದನಿಯನ್ನು ಎಲ್ಲಿಂದಲೋ ತಂದುಕೊಂಡಳು.

"ನೀವು ಚೆನ್ನಾಗಿ ಓದ್ತೀರಿ. ನೋಡಬೇಕಾದ್ದೆಲ್ಲ ನೋಡಿ ಆಯ್ತು. ಇನ್ನು ಲೈನ್ ಹಾಕಲ್ಲ."

"ಹಾಕಲ್ವಾ ಮೇಡಂ?"

"ಇಲ್ಲ."

"ನಿಜವಾಗ್ಲೂ ಮುಗೀತಾ? ನಾಳೆಯಿಂದಾನೇ?"

ಹ್ಞೂಂ ಎನ್ನಲು ಬಾಯಿ ತೆರೆದವಳು ತಡೆದುಕೊಂಡಳು. "ಮುಗೀತು," ಎಂದಳು. "ಮನೆಯವರಿಗೆ ಹೇಳಿ, ಹೋಗಿ."

ಅವನು ಕೈ ಮುಗಿದ, ಆ ಕೈಯಲ್ಲೇ ಫೋನ್ ತೆಗೆದ. ಒಳಗೆ ಸಿಗ್ನಲ್ ಸಿಗದೆ ಬಾಗಿಲಿಗೆ ಓಡಿ, ಮೇಲಕ್ಕೆ ಹತ್ತುವ ಮೆಟ್ಟಿಲ ಬುಡದಲ್ಲಿ ನಿಂತು ಒಂದು ಕಿವಿಗೆ ಬೆರಳಿಟ್ಟುಕೊಂಡು ಕೂಗತೊಡಗಿದ. "ಏಯ್, ಮುಗೀತು ಕಣೇ! ಲೈನ್ ತೆಗೆದುಬಿಟ್ರು! ಎಲ್ಲರೂ ಅಲ್ಲೇ ಇದ್ದೀರಾ? ಸ್ಪೀಕರಿಗೆ ಹಾಕು, ಸ್ಪೀಕರಿಗೆ. ಚಿಕ್ಕಮ್ಮಣ್ಣೀ, ಇನ್ನು ಮನೇಲಿ ಜೋರಾಗಿ ಮಾತಾಡ್ಬಹುದು ಪುಟ್ಟಾ!"

ಅವನೂ ಸ್ಪೀಕರ್ ಒತ್ತಿದ್ದ. ಕಾಯುತ್ತಿದ್ದವರೆಲ್ಲ ಅತ್ತ ನೋಡಿದರು. ಆ ಕಡೆಯಿಂದ ಎಳೆಯ ಪಿಸುದನಿಯೊಂದು ಕೇಳಿತು. "ಅಪ್ಪಾ, ಜೋರಾಗಿ ಅಂದ್ರೆ ಎಷ್ಟು ಜೋರಾಗಿ?"

"ನಿನಗೆ ಎಷ್ಟು ಬೇಕೋ ಅಷ್ಟು!"

ಟೀಚರ್ ಮೇಜಿನ ಹತ್ತಿರ ಬಂದಿದ್ದಳು. ರಿಪೇರಿಯವನು ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿದ. ಹೊಸ ಪರದೆ, ಹೊಸ ಬಣ್ಣ, ಪಟ್ಟಿಯಲ್ಲಿ ಒಬ್ಬರ ಹೆಸರೂ ಇರಲಿಲ್ಲ. ನಡುವೆ ಒಂದು ಹಸಿರು ಗೆರೆ ನೆಟ್ಟಗೆ ಮಲಗಿತ್ತು.

"ಮೈಕ್ ಒಂದು ನೋಡಿಬಿಡೋಣ," ಎಂದ. "ಏನಾದ್ರೂ ಮಾತಾಡಿ."

ಅವಳು ಬಗ್ಗಿದಳು.

ಆಗ ಮೆಟ್ಟಿಲ ಕಡೆಯಿಂದ ಆ ಕೂಗು ಬಂತು. ಪದವಿಲ್ಲ, ಅರ್ಥವಿಲ್ಲ, ಮಗುವೊಂದು ಗಂಟಲು ಬಿಚ್ಚಿ ಹಾಕಿದ ಕೇಕೆ. ಅದರ ಬೆನ್ನಿಗೆ ಇನ್ನೊಬ್ಬಳದು, ಪಾತ್ರೆಯೊಂದು ಉರುಳಿದ್ದು, ಹೆಂಗಸೊಬ್ಬಳು ತಡೆಯಲಾರದೆ ನಕ್ಕಿದ್ದು, ಇವೆಲ್ಲದರ ಮೇಲೆ ಮುದುಕಿಯೊಬ್ಬಳ ಕಂಚಿನ ಕಂಠ: "ಏನಾಯ್ತ್ರೇ? ಯಾಕ್ರೇ ಹೀಗೆ ಕಿರುಚ್ತಾ ಇದ್ದೀರಿ? ಯಾರಾದ್ರೂ ನನಗೂ ಹೇಳಿ!" ಪರದೆಯ ಮೇಲಿನ ಹಸಿರು ಗೆರೆ ಎದ್ದು ಕುಣಿಯಿತು, ಮೇಲಿನ ಅಂಚಿಗೆ ಹೋಗಿ ತಾಗಿ ತಾಗಿ ಬಂತು. ಟೀಚರ್ ಮೂರು ವರ್ಷ ತನ್ನ ಮೇಜಿನ ಮೇಲಿದ್ದ ಆ ಮನೆಯನ್ನು ಬಗ್ಗಿದವಳು ಬಗ್ಗಿದಂತೆಯೇ ಕೇಳಿಸಿಕೊಂಡಳು.

ಅವನು ಫೋನಿನೊಳಕ್ಕೆ ನಗುತ್ತ, ಸಿಗ್ನಲ್ಲಿಗಾಗಿ ಒಂದೊಂದೇ ಮೆಟ್ಟಿಲು ಮೇಲಕ್ಕೆ ಹತ್ತಿಹೋದ. ಗೆರೆ ಗಿಡ್ಡವಾಯಿತು, ಇನ್ನೂ ಗಿಡ್ಡವಾಯಿತು, ಒಂದೆರಡು ಸಲ ಸಣ್ಣಗೆ ನಡುಗಿ ನೆಟ್ಟಗೆ ಮಲಗಿತು.

"ಸಾಕು," ಎಂದ ರಿಪೇರಿಯವನು. "ಮೈಕ್ ಚೆನ್ನಾಗಿದೆ."